ನಾಲ್ಕು ಸೆಂಟಿಮೀಟರ್ ಬಿಟ್ಟುಕೊಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ದಸರೆ ಹತ್ತಿರವಾಗುತ್ತಿದ್ದಂತೆ ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ಲಾರಿಗಳು ಬರಲಾರಂಭಿಸುತ್ತವೆ. ಅವುಗಳಿಂದ ಇಳಿಯುವ ಕಬ್ಬಿಣದ ತೊಲೆಗಳು, ಬಣ್ಣ ಬಳಿದ ತೊಟ್ಟಿಲುಗಳು, ಮೂಟೆಗಟ್ಟಲೆ ಬೋಲ್ಟುಗಳು ಕೆಲವೇ ದಿನಗಳಲ್ಲಿ ಜೈಂಟ್ ವೀಲ್ ಆಗಿ, ಕೊಲಂಬಸ್ ಆಗಿ, ಡ್ರ್ಯಾಗನ್ ರೈಲಾಗಿ ಎದ್ದು ನಿಲ್ಲುತ್ತವೆ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ ಆರಂಭವಾದ ವಸ್ತುಪ್ರದರ್ಶನಕ್ಕೆ ಇಂದು ಮಕ್ಕಳನ್ನು ಸೆಳೆಯುವುದು ಮಳಿಗೆಗಳಿಗಿಂತ ಹೆಚ್ಚಾಗಿ ಈ ಆಟಗಳೇ ಎಂಬುದು ಮೈಸೂರು, ಮಂಡ್ಯ ಸೀಮೆಯ ಎಲ್ಲ ತಂದೆತಾಯಂದಿರಿಗೂ ಗೊತ್ತು. ಆ ಆಟಗಳ ಬಾಗಿಲಲ್ಲಿ ನೇತುಹಾಕಿರುವ, ‘ಇಷ್ಟು ಎತ್ತರಕ್ಕಿಂತ ಕಡಿಮೆ ಇರುವ ಮಕ್ಕಳಿಗೆ ಪ್ರವೇಶವಿಲ್ಲ’ ಎಂಬ ಸಣ್ಣ ಫಲಕದ ಬಗ್ಗೆ, ಈ ವರ್ಷದ ಆಟಗಳು ಶುರುವಾಗುವ ಮೊದಲೇ ನಾಲ್ಕು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಂಡ್ಯ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟಿದ್ದು ನಮ್ಮ ನೆರೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ, ಅದೇ ಯೋಜನೆಯ ಅನ್ನ ಉಂಡು ನಾನು ನನ್ನ ದುಡಿಮೆಯ ಬದುಕನ್ನೆಲ್ಲ ಕಳೆದೆ. ಮೊದಮೊದಲು ತಕ್ಕಡಿ ಮತ್ತು ತೂಕದ ನಕ್ಷೆಯೇ ನಮ್ಮ ಮುಖ್ಯ ಸಾಧನಗಳಾಗಿದ್ದವು. ಕೊನೆಯ ವರ್ಷಗಳಲ್ಲಿ ಪೋಷಣ್ ಅಭಿಯಾನದ ಮೂಲಕ ಎತ್ತರ ಅಳೆಯುವ ಸ್ಟೇಡಿಯೋಮೀಟರ್‌ಗಳೂ ಕೇಂದ್ರಗಳಿಗೆ ಬಂದವು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ, ಪೃಷ್ಠ, ಭುಜದ ಹಿಂಭಾಗ ಮತ್ತು ತಲೆಯ ಹಿಂಭಾಗ ಹಲಗೆಗೆ ತಾಗುವಂತೆ ನಿಲ್ಲಿಸಿ, ಕಣ್ಣು ನೇರಕ್ಕೆ ನೋಡುವಂತೆ ಗಲ್ಲ ಹಿಡಿದು ಅಳತೆ ಬರೆದುಕೊಳ್ಳುವುದನ್ನು ಎಷ್ಟೋ ಕಾರ್ಯಕರ್ತೆಯರಿಗೆ ಕಲಿಸಿದ್ದೇನೆ. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಮತ್ತೊಮ್ಮೆ ಅಳೆಯಿರಿ ಎಂದು ಗದರಿದ್ದೇನೆ. ಇಷ್ಟು ತಿಳಿದವಳೇ ನನ್ನ ಸ್ವಂತ ಮೊಮ್ಮಗನ ವಿಷಯದಲ್ಲಿ ತಪ್ಪು ಮಾಡಿದೆನೆಂಬ ಸಂಕಟವೇ ಈ ಪತ್ರಕ್ಕೆ ಕಾರಣ.

ಹೋದ ವರ್ಷ ನಮ್ಮ ಸೀಮೆಯ ಒಂದು ಜಾತ್ರೆಗೆ ಮಗ, ಸೊಸೆ ಮತ್ತು ಮೊಮ್ಮಗನೊಂದಿಗೆ ಹೋಗಿದ್ದೆ. ಮಗುವಿಗೆ ಆಗ ನಾಲ್ಕು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಅದರ ಎತ್ತರ 101 ಸೆಂಟಿಮೀಟರ್ ಎಂಬುದನ್ನು ಅದೇ ವಾರ ಮನೆಯ ಗೋಡೆಗೆ ನಿಲ್ಲಿಸಿ ನಾನೇ ಗುರುತು ಹಾಕಿದ್ದೆ. ಕೊಲಂಬಸ್ ಎಂದು ನಮ್ಮ ಜನ ಕರೆಯುವ ತೂಗುವ ಹಡಗಿನ ಮುಂದೆ 105 ಸೆಂಟಿಮೀಟರ್‌ಗೆ ಗೆರೆ ಎಳೆದ ಹಲಗೆಯೊಂದಿತ್ತು. ಆಟ ನಡೆಸುತ್ತಿದ್ದ, ಇಪ್ಪತ್ತು ವರ್ಷವೂ ತುಂಬದ ಹುಡುಗ ಮಗುವನ್ನು ಹಲಗೆಗೆ ನಿಲ್ಲಿಸಿ, “ಅಮ್ಮಾ, ಗೆರೆ ತಲೆಗೆ ತಾಗ್ತಿಲ್ಲ, ಬೇಡ” ಎಂದ. ಮಗು ಅಳಲಾರಂಭಿಸಿತು. ನನ್ನ ಮಗ, “ನಾನು ಜೊತೆಗೇ ಕೂರ್ತೀನಲ್ಲಪ್ಪಾ, ಹಿಡ್ಕೊಂಡಿರ್ತೀನಿ” ಎಂದ. ಹುಡುಗ ಅನುಮಾನದಿಂದ ನನ್ನ ಮುಖ ನೋಡಿದ. ಆಗ ನಾನು, “ನಾಲ್ಕು ಸೆಂಟಿಮೀಟರ್ ತಾನೆ, ಬಿಡಪ್ಪಾ” ಎಂದೆ. ಹಿಂದೆ ಸಾಲಿನಲ್ಲಿದ್ದವರೂ ಬೇಗ ಬಿಡು ಎಂದು ಕೂಗುತ್ತಿದ್ದರು. ಅವನು ಬಿಟ್ಟ.

ಹಡಗು ಮೊದಲ ಎರಡು ತೂಗು ಮೆಲ್ಲಗೆ ತೂಗಿತು. ಮೂರನೆಯದೋ ನಾಲ್ಕನೆಯದೋ ತೂಗಿಗೆ ಅವರು ಕುಳಿತಿದ್ದ ತುದಿಯು ಮೇಲಕ್ಕೇರಿ ಕ್ಷಣಕಾಲ ನಿಂತಂತಾದಾಗ ಮಗುವಿನ ದೇಹ ಆಸನದಿಂದ ಎದ್ದುದನ್ನು ಕೆಳಗೆ ನಿಂತಿದ್ದ ನಾನು ಕಣ್ಣಾರೆ ಕಂಡೆ. ಕುಳಿತವರು ಏಳದಂತೆ ತೊಡೆಯ ಮೇಲೆ ಅಡ್ಡಲಾಗಿ ಇಳಿಸುವ ಕಬ್ಬಿಣದ ಸರಳು ಮಗನ ಹೊಟ್ಟೆಗೆ ಒತ್ತಿ ನಿಂತಿತ್ತು. ಮಗುವಿನ ಮುಂದೆ ಒಂದು ಗೇಣಿಗೂ ಹೆಚ್ಚು ಜಾಗ ಖಾಲಿ ಇತ್ತು. ಮಗ ಒಂದು ಕೈಯಿಂದ ಮಗುವಿನ ಎದೆಯನ್ನು ಹಿಂದಕ್ಕೆ ಒತ್ತಿ, ಇನ್ನೊಂದು ಕೈಯಿಂದ ಅದರ ಚಡ್ಡಿಯ ಪಟ್ಟಿ ಹಿಡಿದು ಕೂಗುತ್ತಿದ್ದ. ಸದ್ದಿನಲ್ಲಿ ಆ ಕೂಗು ಖುಷಿಯ ಕೂಗುಗಳೊಂದಿಗೆ ಸೇರಿಹೋಯಿತು. ಆ ಹುಡುಗ ಮಾತ್ರ ಕೂಡಲೇ ಗುರುತಿಸಿ ಬ್ರೇಕ್ ಹಾಕಿದ. ಹಾಗೆ ಹಾಕಿದರೂ ಹಡಗು ನಿಲ್ಲಲು ಮತ್ತೆ ಐದಾರು ತೂಗು ಬೇಕಾದವು. ಮಗು ಇಳಿದು ಬಂದಾಗ ಅದರ ಎದೆಯ ಮೇಲೆ ತಂದೆಯ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಅಂದು ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದರೆ ಆ ಹುಡುಗ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾಗ ಅದನ್ನು ಕೆಡಿಸಿದವಳು ನಾನು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದಿನ ಮಾತು ಆಡುವ ಹಕ್ಕು ನನಗಿಲ್ಲ.

ಆಮೇಲೆ ನಾನು ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ ಅರ್ಥ ಮಾಡಿಕೊಳ್ಳಲು ಯತ್ನಿಸಿದೆ. ಎತ್ತರದ ಗೆರೆಯನ್ನು ನಾವೆಲ್ಲ ಮಗುವಿನ ಧೈರ್ಯದ ಅಥವಾ ವಯಸ್ಸಿನ ಲೆಕ್ಕವೆಂದು ಭಾವಿಸಿದ್ದೇವೆ. ನಿಜದಲ್ಲಿ ಅದು ಆಸನಕ್ಕೂ ಸರಳಿಗೂ ನಡುವೆ ದೇಹವು ಹೇಗೆ ಕೂರುತ್ತದೆ ಎಂಬುದರ ಅಳತೆ. ತೂಗುವ ಹಡಗು ತುದಿ ಮುಟ್ಟಿದ ಕ್ಷಣದಲ್ಲಿ ನಮ್ಮ ಭಾರದ ಬಹುಪಾಲು ಆಸನದ ಮೇಲೆ ಬೀಳುವುದೇ ಇಲ್ಲ. ಆಗ ನಮ್ಮನ್ನು ಆಸನದಲ್ಲಿ ಉಳಿಸುವುದು ತೊಡೆಯ ಮೇಲಿನ ಸರಳು, ನೆಲಕ್ಕೆ ಊರಿದ ಪಾದ ಮತ್ತು ಹಿಡಿಯನ್ನು ಹಿಡಿದ ಕೈ, ಈ ಮೂರೇ. ಸಣ್ಣ ಮಗುವಿಗೆ ಮೂರೂ ಕೈಕೊಡುತ್ತವೆ. ಅದರ ಪಾದ ನೆಲ ಮುಟ್ಟುವುದಿಲ್ಲ. ಅದರ ತೊಡೆ ಆಸನದ ಆಳಕ್ಕಿಂತ ಗಿಡ್ಡವಾದ್ದರಿಂದ ಮಂಡಿ ಮಡಚಲು ಅದು ತಾನಾಗಿಯೇ ಮುಂದಕ್ಕೆ ಜಾರಿ ಕೂರುತ್ತದೆ, ಆಗ ಬೆನ್ನಿಗೆ ಆಸರೆ ತಪ್ಪುತ್ತದೆ. ದೊಡ್ಡವರ ಸೊಂಟದ ಮೂಳೆಯ ಮುಂಭಾಗ ಎದ್ದು ನಿಂತು ಪಟ್ಟಿಯನ್ನೋ ಸರಳನ್ನೋ ತಡೆದು ಹಿಡಿಯುತ್ತದೆ. ಸಣ್ಣ ಮಕ್ಕಳಲ್ಲಿ ಆ ಮೂಳೆಯ ಅಂಚು ಇನ್ನೂ ಸರಿಯಾಗಿ ಬೆಳೆದಿರುವುದಿಲ್ಲ, ಹಾಗಾಗಿ ಸರಳು ಮೆತ್ತನೆಯ ಹೊಟ್ಟೆಯ ಮೇಲಕ್ಕೆ ಸರಿಯುತ್ತದೆ, ಇಲ್ಲವೇ ಮಗು ಅದರ ಕೆಳಗೆ ನುಸುಳುತ್ತದೆ. ಮಗುವಿನ ತಲೆಯೂ ಅದರ ದೇಹಕ್ಕೆ ಹೋಲಿಸಿದರೆ ನಮ್ಮದಕ್ಕಿಂತ ದೊಡ್ಡದು, ಭಾರವಾದದ್ದು. ಒಮ್ಮೆ ಮುಂದಕ್ಕೆ ವಾಲಿದರೆ ದೇಹವನ್ನೂ ಎಳೆದುಕೊಂಡೇ ಹೋಗುತ್ತದೆ. ಕಾರಿನಲ್ಲಿ ದೊಡ್ಡವರ ಸೀಟ್ ಬೆಲ್ಟನ್ನು ಹಾಗೆಯೇ ಮಗುವಿಗೆ ಕಟ್ಟಬಾರದೆನ್ನುವುದಕ್ಕೂ ಇವೇ ಕಾರಣಗಳು. ಬ್ರಿಟನ್ನಿನಲ್ಲಿ ಮಗುವಿಗೆ 12 ವರ್ಷ ತುಂಬುವ ಅಥವಾ ಅದು 135 ಸೆಂಟಿಮೀಟರ್ ಬೆಳೆಯುವ ತನಕ ಕಾರಿನಲ್ಲಿ ಅದಕ್ಕೆ ತಕ್ಕ ಪ್ರತ್ಯೇಕ ಆಸನ ಇರಬೇಕೆಂಬ ಕಾನೂನಿದೆ.

ತಂದೆತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ‘ಜೊತೆಗೆ ನಾನಿದ್ದೇನೆ’ ಎಂಬ ನಮ್ಮ ಭರವಸೆಯೇ ಎಷ್ಟೋ ಸಲ ಅಪಾಯವನ್ನು ಹೆಚ್ಚಿಸುತ್ತದೆ. ಒಂದೇ ಸರಳು ಇಬ್ಬರಿಗೂ ಅಡ್ಡಲಾಗಿ ಇಳಿಯುವ ಆಟಗಳಲ್ಲಿ ಅದು ದಪ್ಪಗಿರುವವರ ಹೊಟ್ಟೆಗೆ ತಾಗಿ ನಿಂತುಬಿಡುತ್ತದೆ. ಪಕ್ಕದ ಮಗುವಿನ ತನಕ ಅದು ಬರುವುದೇ ಇಲ್ಲ. ಮೊಮ್ಮಗನ ಪಕ್ಕ ನನ್ನ ಮಗನ ಬದಲು ಅಷ್ಟೇ ಎತ್ತರದ ಇನ್ನೊಂದು ಮಗು ಕುಳಿತಿದ್ದರೆ ಸರಳು ಇಬ್ಬರ ತೊಡೆಗೂ ಹತ್ತಿರ ಬರುತ್ತಿತ್ತೇನೋ. ಹಾಗೆಂದು ಮಕ್ಕಳನ್ನು ಒಂಟಿಯಾಗಿ ಕೂರಿಸಿ ಎಂದು ನಾನು ಹೇಳುತ್ತಿಲ್ಲ; ಗೆರೆ ಮುಟ್ಟದ ಮಗುವಿಗೆ ಯಾರ ತೋಳೂ ಸರಳಿಗೆ ಬದಲಿಯಾಗದು ಎನ್ನುತ್ತಿದ್ದೇನೆ. ತೂಗು ಜೋರಾದಾಗ ಹತ್ತು ಹದಿನೈದು ಕಿಲೋ ತೂಗುವ ಮಗುವನ್ನು ಒಂದು ಕೈಯಲ್ಲಿ ಹಿಡಿದಿಡುವುದು ಎಷ್ಟು ಕಷ್ಟವೆಂಬುದು ನನ್ನ ಮಗನಿಗೆ ಆ ದಿನ ತಿಳಿಯಿತು. ಅವನು ಇವತ್ತಿಗೂ ಆ ಮಾತು ತೆಗೆದರೆ ಎದ್ದುಹೋಗುತ್ತಾನೆ.

ವಯಸ್ಸು ಹೇಳಿ ವಾದಿಸುವವರನ್ನೂ ನಾನು ಸಾಕಷ್ಟು ಕಂಡಿದ್ದೇನೆ. “ಅವನಿಗೆ ಆರು ವರ್ಷ ಕಣಪ್ಪಾ, ಆಧಾರ್ ಕಾರ್ಡ್ ಬೇಕಾದ್ರೆ ನೋಡು” ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡದ ಪ್ರಕಾರ ಐದು ವರ್ಷ ತುಂಬಿದ ಗಂಡು ಮಗುವಿನ ನಡುಮಟ್ಟದ ಎತ್ತರ 110 ಸೆಂಟಿಮೀಟರ್. ಆದರೆ 101ರಿಂದ 119ರವರೆಗೂ ಅದು ಸಹಜ ವ್ಯಾಪ್ತಿಯೇ. ಅಂದರೆ ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳ ನಡುವೆ ಒಂದು ಗೇಣಿನಷ್ಟು ಅಂತರವಿದ್ದರೂ ಇಬ್ಬರೂ ಆರೋಗ್ಯವಂತರೇ. ನಾಲ್ಕು ವರ್ಷದ ಎತ್ತರದ ಮಗು ಐದು ವರ್ಷದ ನಡುಮಟ್ಟದ ಮಗುವನ್ನು ಮೀರುವುದೂ ಉಂಟು. ಇದಕ್ಕೆ ನಮ್ಮ ರಾಜ್ಯದ ಇನ್ನೊಂದು ನೋವಿನ ಸಂಗತಿಯನ್ನೂ ಸೇರಿಸಬೇಕಾಗಿದೆ: 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆದ್ದರಿಂದ ವಯಸ್ಸನ್ನು ನಂಬಿ ಮಗುವನ್ನು ಆಸನಕ್ಕೆ ಕಳಿಸುವುದು ಬೇರೆ ನಾಡಿನಲ್ಲಿ ಹೇಗೋ, ನಮ್ಮಲ್ಲಂತೂ ಸಲ್ಲದು. ಎತ್ತರವೊಂದೇ ಸಾಕು ಎಂಬ ನಂಬಿಕೆಯೂ ಅಷ್ಟೇ ತಪ್ಪು. ಮೂರೂವರೆ ವರ್ಷಕ್ಕೇ ಗೆರೆ ದಾಟುವ ಉದ್ದನೆಯ ಮಗುವಿಗೆ, ಆಟ ನಿಲ್ಲುವವರೆಗೆ ಕುಳಿತೇ ಇರಬೇಕು, ಹಿಡಿ ಬಿಡಬಾರದು, ಕೆಳಗಿರುವ ಅಜ್ಜಿಗೆ ಕೈ ಬೀಸಲು ಎದ್ದು ನಿಲ್ಲಬಾರದು ಎಂಬ ತಿಳಿವಳಿಕೆ ಇರುವುದಿಲ್ಲ. ದೇಹಕ್ಕೊಂದು ಗೆರೆ, ಬುದ್ಧಿಗೊಂದು ಗೆರೆ, ಎರಡೂ ಬೇಕು.

ಇಲ್ಲಿ ನಮ್ಮ ಮನೋರಂಜನಾ ಉದ್ಯಾನಗಳಲ್ಲಿ ಬೇರೂರಿರುವ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಹಲವು ಕಡೆ ಟಿಕೆಟ್ಟಿನ ದರವನ್ನೂ ಎತ್ತರದ ಮೇಲೆಯೇ ನಿರ್ಧರಿಸುತ್ತಾರೆ: ಇಷ್ಟು ಎತ್ತರದವರೆಗೆ ಉಚಿತ, ಇಷ್ಟರವರೆಗೆ ಮಕ್ಕಳ ದರ, ಆಮೇಲೆ ಪೂರ್ಣ ದರ. ಇದರ ಪರಿಣಾಮವೆಂದರೆ, ಬೆಳಿಗ್ಗೆ ಹತ್ತು ಗಂಟೆಗೆ ಟಿಕೆಟ್ ಕಿಟಕಿಯ ಮುಂದೆ “ಸ್ವಲ್ಪ ಮಂಡಿ ಬಗ್ಗಿಸು ಕಂದಾ” ಎಂದು ಮಗುವಿನ ಹೆಗಲು ಒತ್ತುವ ಅದೇ ಕೈ, ಹನ್ನೊಂದಕ್ಕೆ ರೈಡಿನ ಬಾಗಿಲಲ್ಲಿ “ತುದಿಗಾಲಲ್ಲಿ ನಿಲ್ಲು” ಎಂದು ಗಲ್ಲ ಎತ್ತುತ್ತದೆ. ಎತ್ತರವೆಂದರೆ ದೊಡ್ಡವರು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದಾದ ಚೌಕಾಸಿಯ ವಸ್ತು ಎಂದು ಮಗು ಒಂದೇ ದಿನದಲ್ಲಿ ಕಲಿತುಬಿಡುತ್ತದೆ, ನಾವೂ ಹಾಗೆಯೇ ಅಂದುಕೊಂಡಿದ್ದೇವೆ. ಬೆಳೆಯುವ ಮಕ್ಕಳೆಂದು ಶಾಲೆಯ ಸಮವಸ್ತ್ರವನ್ನು ಎರಡು ಬೆರಳು ದೊಡ್ಡದಾಗಿ ಹೊಲಿಸಿ, ಅಂಚು ಮಡಚಿ ಹಾಕಿಸುವ ರೂಢಿ ನಮ್ಮದು. ಬಟ್ಟೆ ಸಡಿಲವಾದರೆ ನಷ್ಟವಿಲ್ಲ. ಸರಳು ಸಡಿಲವಾದರೆ ಮಗು ಉಳಿಯುವುದಿಲ್ಲ. ಟಿಕೆಟ್ ದರವನ್ನು ವಯಸ್ಸಿನ ಮೇಲೆ ನಿಗದಿ ಮಾಡಲಿ, ಎತ್ತರವನ್ನು ಸುರಕ್ಷತೆಗಷ್ಟೇ ಮೀಸಲಿಡಲಿ ಎಂಬುದು ಉದ್ಯಾನಗಳ ಮಾಲೀಕರಲ್ಲಿ ನನ್ನ ವಿನಂತಿ. ರೈಲ್ವೆ ಇಲಾಖೆಯು ಐದು ವರ್ಷ, ಹನ್ನೆರಡು ವರ್ಷ ಎಂಬ ವಯಸ್ಸಿನ ಲೆಕ್ಕದಲ್ಲಿಯೇ ಇಷ್ಟು ದೊಡ್ಡ ದೇಶದ ಮಕ್ಕಳಿಗೆ ಟಿಕೆಟ್ ಕೊಡುತ್ತಿಲ್ಲವೇ?

ಇನ್ನು ಅಳೆಯುವ ಬಗೆ. ಜಾತ್ರೆಯ ಆ ಘಟನೆಯ ಮರುದಿನ ಮನಸ್ಸು ತಡೆಯದೆ ಅಳತೆಯ ಟೇಪು ತೆಗೆದುಕೊಂಡು ಅದೇ ಜಾಗಕ್ಕೆ ಮತ್ತೆ ಹೋದೆ. ಪಕ್ಕದ ಇನ್ನೊಂದು ಆಟದ ಮುಂದೆ ಎರಡು ಬಿದಿರಿಗೆ ಫ್ಲೆಕ್ಸ್ ಕಟ್ಟಿ ಅದರ ಮೇಲೆ ಅಡಿ, ಇಂಚಿನ ಗೆರೆಗಳನ್ನು ಮುದ್ರಿಸಿದ್ದರು. ಫ್ಲೆಕ್ಸಿನ ಕೆಳಅಂಚು ಕೆಸರಿನಲ್ಲಿ ಹೂತುಹೋಗಿದ್ದರಿಂದ ಮೂರೂವರೆ ಅಡಿ ಎಂದು ಬರೆದಿದ್ದ ಗೆರೆ ನೆಲದಿಂದ ಮೂರು ಅಡಿ ಮೂರು ಇಂಚಿಗೇ ಇತ್ತು. ಬೇಕೆಂದು ಮಾಡಿದ ಮೋಸ ಅದಲ್ಲ. ಯಾರೂ ಅದನ್ನು ಅಳತೆಯ ಸಾಧನವೆಂದು ಭಾವಿಸಿಯೇ ಇರಲಿಲ್ಲ, ಅಷ್ಟೇ. ಒಂದೇ ಬಗೆಯ ತೂಗುವ ಹಡಗಿಗೆ ಒಂದು ಊರಿನಲ್ಲಿ ಮೂರು ಅಡಿಯ ಗೆರೆಯನ್ನೂ ಇನ್ನೊಂದು ಊರಿನಲ್ಲಿ ನಾಲ್ಕು ಅಡಿಯ ಗೆರೆಯನ್ನೂ ಕಂಡಿದ್ದೇನೆ. ಯಂತ್ರ ತಯಾರಿಸಿದವರು ಆಸನವನ್ನೂ ಸರಳನ್ನೂ ಲೆಕ್ಕ ಹಾಕಿ ಗೊತ್ತುಪಡಿಸಿದ ಎತ್ತರ ಒಂದೇ ಇರಬೇಕು. ಕೈಯಿಂದ ಕೈಗೆ ಮಾರಾಟವಾಗಿ, ಊರಿಂದ ಊರಿಗೆ ಸಾಗುವಾಗ ಆ ಕಾಗದಗಳು ಎಲ್ಲೋ ಉಳಿದುಹೋಗಿ, ಕೊನೆಗೆ ಪ್ರಿಂಟಿಂಗ್ ಅಂಗಡಿಯವನ ಕೈಗೆ ಬಂದ ಅಂಕಿಯೇ ಫಲಕಕ್ಕೆ ಏರುವಂತಾಗಬಾರದು.

ದಸರೆಯ ಸಮಯದಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಿಸಿ, ತಲೆಯ ಮೇಲೆ ಹೂವಿನ ದಂಡೆ ಮುಡಿಸಿ ಕರೆತರುವುದು ನಮ್ಮಲ್ಲಿ ಹೆಚ್ಚು. ಆ ದಂಡೆ ಗೆರೆ ಮುಟ್ಟಿದರೆ ಮಗು ಮುಟ್ಟಿದಂತಲ್ಲ. ಈಗಿನ ಮಕ್ಕಳ ದೀಪ ಮಿನುಗುವ ಬೂಟುಗಳ ಅಟ್ಟೆಯೇ ಮೂರು ಸೆಂಟಿಮೀಟರ್‌ವರೆಗೆ ಇರುವುದುಂಟು. ದಿನವಿಡೀ ನಿಂತು ನಡೆದು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಳ್ಳುವುದರಿಂದ ಮನುಷ್ಯರ ಎತ್ತರ ಬೆಳಿಗ್ಗೆಗಿಂತ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಿರುತ್ತದೆ ಎಂಬುದನ್ನೂ ಇಲ್ಲಿ ಹೇಳಬಹುದು. ಮನೆಯಲ್ಲಿ ಬೆಳಿಗ್ಗೆ ಅಳೆದು ಬಂದ ತಾಯಿ ಸಂಜೆ ಬಾಗಿಲಲ್ಲಿ ಜಗಳಕ್ಕೆ ನಿಲ್ಲುವುದಕ್ಕೆ ಕೆಲವು ಸಲ ಇದೇ ಕಾರಣ.

ಆಟ ನಡೆಸುವ ಹುಡುಗರ ಪರವಾಗಿಯೂ ಎರಡು ಮಾತು ಹೇಳಬೇಕು. ರಾತ್ರಿ ಹನ್ನೊಂದರವರೆಗೆ ನಿಂತು ದುಡಿಯುವ, ಊರಿಗೆ ಹೊಸಬರಾದ, ಎಷ್ಟೋ ಸಲ ಕನ್ನಡವೂ ಸರಿಯಾಗಿ ಬಾರದ ಹುಡುಗರು ಅವರು. ಬೇಡ ಎಂದ ತಕ್ಷಣ ನಾವು ದನಿ ಏರಿಸುತ್ತೇವೆ, ಪರಿಚಯದವರ ಹೆಸರು ಹೇಳುತ್ತೇವೆ, ಮಾಲೀಕನನ್ನು ಕರೆ ಎನ್ನುತ್ತೇವೆ. ಮಾಲೀಕನಿಗೂ ಖಾಲಿ ಆಸನ ನಷ್ಟವೇ. ಇಂಥ ಒತ್ತಡದಲ್ಲಿ ಆ ಹುಡುಗ ಇಡೀ ಸಂಜೆ ಎಷ್ಟು ಸಲ ಬೇಡ ಎನ್ನಲು ಸಾಧ್ಯ? ನಿಯಮವನ್ನು ಪಾಲಿಸಿದವನಿಗೆ ಯಾರ ಬೆಂಬಲವೂ ಇಲ್ಲದಿದ್ದರೆ ನಿಯಮ ಉಳಿಯುವುದಿಲ್ಲ. ಗೆರೆಯ ವಿಷಯದಲ್ಲಿ ಆಟ ನಡೆಸುವವನ ಮಾತೇ ಅಂತಿಮ, ಅದಕ್ಕಾಗಿ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು ಪರವಾನಗಿಯ ಷರತ್ತಿನಲ್ಲಿಯೇ ಬರೆಯಬೇಕು. ಜಗಳಕ್ಕೆ ನಿಲ್ಲುವವರನ್ನು ಸಮಾಧಾನಪಡಿಸಲು ಅಲ್ಲಿಯೇ ಒಬ್ಬ ಪೊಲೀಸ್ ಸಿಬ್ಬಂದಿಯೋ ಗೃಹರಕ್ಷಕರೋ ಇದ್ದರೆ ಇನ್ನೂ ಒಳ್ಳೆಯದು.

ಅಮೆರಿಕದಲ್ಲಿರುವ ನನ್ನ ಮಗಳು ತನ್ನ ಮಗಳನ್ನು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗಿ ಬಂದು ಹೇಳಿದ ಸಂಗತಿ ಇಲ್ಲಿ ಉಪಯುಕ್ತವೆಂದು ತೋರುತ್ತದೆ. ಅಲ್ಲಿ ಒಂದೇ ಆವರಣದಲ್ಲಿ ಡಂಬೊ ಎಂಬ ಆನೆಯ ಆಟಕ್ಕೆ ಎತ್ತರದ ಮಿತಿಯೇ ಇಲ್ಲ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್‌ಗೆ 38 ಇಂಚು, ಅಂದರೆ 97 ಸೆಂಟಿಮೀಟರ್. ಸ್ಪೇಸ್ ಮೌಂಟನ್‌ಗೆ 44 ಇಂಚು, ಅಂದರೆ 112 ಸೆಂಟಿಮೀಟರ್. ಆಟ ಬೇರೆಯಾದಂತೆ ಗೆರೆಯೂ ಬೇರೆ. ಇದಲ್ಲದೆ ಏಳು ವರ್ಷದೊಳಗಿನ ಮಗು ಯಾವ ಆಟ ಏರಬೇಕಾದರೂ ಕನಿಷ್ಠ 14 ವರ್ಷದವರೊಬ್ಬರು ಜೊತೆಗಿರಬೇಕು. ನಾನು ಮೇಲೆ ಹೇಳಿದ ದೇಹದ ಗೆರೆ, ಬುದ್ಧಿಯ ಗೆರೆಗಳನ್ನು ಅವರು ಹೀಗೆ ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ನನ್ನ ಮೊಮ್ಮಗಳು 110 ಸೆಂಟಿಮೀಟರ್ ಇದ್ದಳು. ಸ್ಪೇಸ್ ಮೌಂಟನ್‌ಗೆ ಎರಡೇ ಸೆಂಟಿಮೀಟರ್ ಕಡಿಮೆ. ಸಾಲಿಗೆ ಸೇರುವ ಮೊದಲೇ ಬಾಗಿಲಲ್ಲಿ ಅಳೆದು, ನಗುತ್ತಲೇ ಇಲ್ಲ ಎಂದರಂತೆ, ಮಗಳಿಗೂ ವಾದಿಸಬೇಕೆನಿಸಲಿಲ್ಲವಂತೆ. ಅದೇ ಮಗಳು ಇಲ್ಲಿದ್ದಿದ್ದರೆ ವಾದಿಸುತ್ತಿದ್ದಳೆಂಬುದು ನನಗೆ ಗೊತ್ತು, ಏಕೆಂದರೆ ಇಲ್ಲಿ ವಾದಿಸಿದರೆ ಬಿಡುತ್ತಾರೆ. ಅಲ್ಲಿ ಇನ್ನೂ ಒಂದು ಅನುಕೂಲವಿದೆ. ಮಗುವಿನೊಂದಿಗೆ ತಂದೆ ಹೊರಗಿದ್ದು ತಾಯಿ ಆಟ ಮುಗಿಸಿ ಬಂದ ಮೇಲೆ, ತಂದೆಯು ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಲ್ಲದೆ ಒಳಹೋಗಬಹುದು. ದುಡ್ಡು ಕಾಸಿನ ಖರ್ಚಿಲ್ಲದ ಈ ಏರ್ಪಾಡನ್ನು ದೊಡ್ಡಕೆರೆ ಮೈದಾನದಲ್ಲಾಗಲಿ, ಸುತ್ತೂರು ಅಥವಾ ಮುಡುಕುತೊರೆಯ ಜಾತ್ರೆಯಲ್ಲಾಗಲಿ ಜಾರಿಗೆ ತರಲು ಅಡ್ಡಿಯೇನಿದೆ? ಎಷ್ಟೋ ಮನೆಗಳಲ್ಲಿ ಮಗುವನ್ನು ಬಲವಂತವಾಗಿ ಆಟಕ್ಕೆ ಹತ್ತಿಸುವುದು ಮಗುವಿನ ಆಸೆಗಲ್ಲ, ಅದನ್ನು ನೋಡಿಕೊಳ್ಳಲು ಹೊರಗೆ ಯಾರೂ ಇಲ್ಲವೆಂಬ ಕಾರಣಕ್ಕೆ.

ಇದೆಲ್ಲ ಅತಿಯಾದ ಎಚ್ಚರಿಕೆ ಎನ್ನುವವರಿಗೆ ಎರಡು ಘಟನೆಗಳನ್ನು ನೆನಪಿಸಬಯಸುತ್ತೇನೆ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಉದ್ಯಾನದಲ್ಲಿ ಲೋಲಕದಂತೆ ತೂಗುವ ಆಟ ಮುರಿದುಬಿದ್ದು ಇಬ್ಬರು ಸತ್ತರು, ಇಪ್ಪತ್ತೈದಕ್ಕೂ ಹೆಚ್ಚು ಜನ ಗಾಯಗೊಂಡರು. ಅಲ್ಲಿ ಸೋತದ್ದು ಕಬ್ಬಿಣ. ಆದರೆ 2022ರ ಮಾರ್ಚಿನಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಎತ್ತರದ ಗೋಪುರದಿಂದ ಇಳಿಯುವ ಆಟದಲ್ಲಿ 14 ವರ್ಷದ ಬಾಲಕನೊಬ್ಬ ಆಸನದಿಂದ ಜಾರಿ ಬಿದ್ದು ಸತ್ತಾಗ ಯಂತ್ರದ ಯಾವ ಭಾಗವೂ ಮುರಿದಿರಲಿಲ್ಲ. ಅವನು ಆರು ಅಡಿಗೂ ಮೀರಿ ಬೆಳೆದ ದೊಡ್ಡ ಮೈಕಟ್ಟಿನ ಹುಡುಗ. ಅವನ ಆಸನದ ಸಂವೇದಕವನ್ನು ಕೈಯಿಂದ ಸರಿಹೊಂದಿಸಿ ಸರಳು ಮತ್ತು ಆಸನದ ನಡುವೆ ಇರಬೇಕಾದುದಕ್ಕಿಂತ ಹೆಚ್ಚು ತೆರವು ಬಿಡಲಾಗಿತ್ತೆಂದು ತನಿಖೆಯಲ್ಲಿ ತಿಳಿದುಬಂತು. ಮರುವರ್ಷ ಫ್ಲಾರಿಡಾ ರಾಜ್ಯವು ಆ ಬಾಲಕನ ಹೆಸರಿನಲ್ಲಿಯೇ ಕಾನೂನೊಂದನ್ನು ತಂದಿತು, ಆ ಗೋಪುರವನ್ನೂ ಬಿಚ್ಚಿಹಾಕಲಾಯಿತು. ದೇಹ ಚಿಕ್ಕದಾದರೂ ಕಷ್ಟ, ದೊಡ್ಡದಾದರೂ ಕಷ್ಟ. ಆಸನಕ್ಕೂ ದೇಹಕ್ಕೂ ಹೊಂದಾಣಿಕೆ ತಪ್ಪಿದ ಕಡೆ ಒಂದೆರಡು ಇಂಚಿನ ರಿಯಾಯಿತಿಗೂ ಪ್ರಾಣ ತೆರಬೇಕಾಗುತ್ತದೆ. ಅದೇ ದೇಶದಲ್ಲಿ 1990ರಿಂದ 2010ರವರೆಗಿನ ಅವಧಿಯನ್ನು ಪರಿಶೀಲಿಸಿದ ಅಧ್ಯಯನವೊಂದು, ಇಂಥ ಆಟಗಳಲ್ಲಿ ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಮಕ್ಕಳ ಸಂಖ್ಯೆ ಸುಮಾರು 93 ಸಾವಿರವೆಂದು ಅಂದಾಜು ಮಾಡಿತ್ತು. ಗಾಯಗಳ ಕಾರಣಗಳಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಬೀಳುವುದು.

ನಮ್ಮಲ್ಲಿ ಆಟಗಳಿಗೆ ಅನುಮತಿ ಕೊಡುವ ಮುನ್ನ ತೊಲೆ, ಬೋಲ್ಟು, ವೈರಿಂಗ್, ಬೆಂಕಿ ನಂದಿಸುವ ಸಾಧನಗಳನ್ನು ಅಧಿಕಾರಿಗಳು ನೋಡುತ್ತಾರೆ, ನೋಡಲೇಬೇಕು. ಅದೇ ದಿನ ಅವರು ಕೈಯಲ್ಲೊಂದು ಟೇಪು ಹಿಡಿದು ಎತ್ತರದ ಹಲಗೆಯನ್ನೂ ನೋಡಲಿ ಎಂಬುದು ಮೈಸೂರು ಮತ್ತು ಮಂಡ್ಯ ಜಿಲ್ಲಾಡಳಿತಗಳಲ್ಲಿ, ಹಾಗೆಯೇ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರದಲ್ಲಿ ನನ್ನ ಕೋರಿಕೆ. ಮನೋರಂಜನಾ ಆಟಗಳ ಸುರಕ್ಷತೆಗೆಂದೇ ಭಾರತೀಯ ಮಾನಕ ಬ್ಯೂರೋ ಐ.ಎಸ್. 15475 ಎಂಬ ಮಾನಕವನ್ನು ಪ್ರಕಟಿಸಿದೆ. ದೊಡ್ಡ ಉದ್ಯಾನಗಳಿಗಷ್ಟೇ ಅಲ್ಲದೆ ಒಂದು ವಾರ ನಡೆದು ಊರು ಬಿಡುವ ಜಾತ್ರೆಯ ಆಟಗಳಿಗೂ ಅದನ್ನು ಪರವಾನಗಿಯ ಅಳತೆಗೋಲಾಗಿ ಬಳಸಲಿ. ಹಲಗೆಯು ಫ್ಲೆಕ್ಸ್ ಆಗಿರದೆ, ಸಿಮೆಂಟ್ ಕಟ್ಟೆಯ ಮೇಲೋ ಸಮತಟ್ಟಾದ ಮರದ ಹಲಗೆಯ ಮೇಲೋ ಅಲುಗಾಡದಂತೆ ನಿಲ್ಲಿಸಿದ ಕಂಬವಾಗಿರಲಿ. ಒಂಟಿಯಾಗಿ ಕೂರಲು ಇಷ್ಟು, ದೊಡ್ಡವರ ಜೊತೆ ಕೂರಲು ಇಷ್ಟು ಎಂಬ ಎರಡು ಗೆರೆಗಳನ್ನು ಕನ್ನಡದಲ್ಲಿ, ಸೆಂಟಿಮೀಟರಿನಲ್ಲೂ ಅಡಿ-ಇಂಚಿನಲ್ಲೂ ಬರೆಯಲಿ. ನಮ್ಮ ಹಳ್ಳಿಯ ಜನರಿಗೆ ಈಗಲೂ ಮಕ್ಕಳ ಎತ್ತರ ತಿಳಿಯುವುದು ಅಡಿಯ ಲೆಕ್ಕದಲ್ಲೇ. ಅಂಕಿಯ ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಲಿ: ‘ಇದಕ್ಕಿಂತ ಚಿಕ್ಕ ಮಗುವನ್ನು ಈ ಸರಳು ಹಿಡಿಯುವುದಿಲ್ಲ’ ಎಂದು ಬರೆದರೆ ಸಾಕು. ಕಾರಣ ತಿಳಿದಿದ್ದರೆ ನಾನು ಅಂದು ಆ ಹುಡುಗನಿಗೆ ಹಾಗೆ ಹೇಳುತ್ತಿರಲಿಲ್ಲ.

ಸಾಧ್ಯವಾದರೆ ಪ್ರತಿ ಆಟದ ಬಾಗಿಲಲ್ಲಿ ಅಳೆಯುವುದರ ಬದಲು, ಆಟಗಳ ಆವರಣಕ್ಕೆ ಬರುವ ಮುಖ್ಯದ್ವಾರದಲ್ಲಿಯೇ ಒಮ್ಮೆ ಸರಿಯಾಗಿ, ಚಪ್ಪಲಿ ಬಿಚ್ಚಿಸಿ ಅಳೆದು ಮಗುವಿನ ಮಣಿಕಟ್ಟಿಗೆ ಒಂದು ಬಣ್ಣದ ಕಾಗದದ ಪಟ್ಟಿ ಕಟ್ಟಲಿ. ಹಳದಿ ಪಟ್ಟಿಯವರಿಗೆ ಯಾವ ಆಟಗಳು, ಹಸಿರು ಪಟ್ಟಿಯವರಿಗೆ ಯಾವ ಆಟಗಳು ಎಂಬುದು ಅಲ್ಲಿಯೇ ಗೊತ್ತಾದರೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಎಲ್ಲರೆದುರು ‘ಕುಳ್ಳ’ ಎನಿಸಿಕೊಂಡು, ಅಳುತ್ತ ಹೊರಬರುವ ಅವಮಾನ ಮಕ್ಕಳಿಗೆ ತಪ್ಪುತ್ತದೆ. ಈ ಅವಮಾನದ ಮಾತು ಸಣ್ಣದೆಂದು ಯಾರೂ ತಿಳಿಯಬಾರದು. ಅಂಗನವಾಡಿಯಲ್ಲಿ ಎತ್ತರ ಅಳೆಯುವ ದಿನ ಗೆಳೆಯರಿಗಿಂತ ಕಡಿಮೆ ಇರುವ ಮಗು ಗೋಡೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಅಂಥ ಮಗುವಿಗೆ “ನೀನಿನ್ನೂ ಚಿಕ್ಕವನು” ಎಂದರೆ ಅದು ತನ್ನದೇ ತಪ್ಪೆಂದು ತಿಳಿಯುತ್ತದೆ. “ಈ ಕುರ್ಚಿಯನ್ನು ನಿನ್ನ ಅಳತೆಗೆ ಮಾಡಿಲ್ಲ ಕಂದಾ, ನಿನ್ನ ಅಳತೆಯದು ಅಲ್ಲಿದೆ” ಎಂದು ಬೇರೆ ಆಟದ ಕಡೆ ಕೈ ತೋರಿಸಿದರೆ ಅದು ಅರ್ಥ ಮಾಡಿಕೊಳ್ಳುತ್ತದೆ. ಹಾಗೆ ಕೈ ತೋರಿಸಲು ಸಣ್ಣ ಮಕ್ಕಳಿಗೆ ತಕ್ಕ ಆಟಗಳೂ ಸಾಕಷ್ಟಿರಬೇಕು. ಮೈದಾನದ ಮೂಲೆಯಲ್ಲಿ ಒಂದು ಪುಟ್ಟ ರೈಲು, ನಾಲ್ಕು ಕುದುರೆಗಳ ತಿರುಗಣಿ ಇಟ್ಟು, ಉಳಿದ ಜಾಗವನ್ನೆಲ್ಲ ದೊಡ್ಡವರ ಆಟಗಳಿಗೆ ಕೊಟ್ಟರೆ ಮಕ್ಕಳು ಅಳುವುದು ಸಹಜವೇ.

ನನ್ನ ಮೊಮ್ಮಗ ಈಗ 107 ಸೆಂಟಿಮೀಟರ್ ಇದ್ದಾನೆ. ಈ ದಸರೆಗೆ ಮತ್ತೆ ಕೊಲಂಬಸ್ ಏರಬೇಕೆಂದು ಕೇಳುತ್ತಿದ್ದಾನೆ. ಅಲ್ಲಿನ ಗೆರೆ ಎಷ್ಟಿದೆಯೋ ನೋಡಿ ಹೇಳುತ್ತೇನೆ ಎಂದಿದ್ದೇನೆ. ವಸ್ತುಪ್ರದರ್ಶನದ ಆಟಗಳಿಗೆ ಅನುಮತಿ ಕೊಡುವ ಮುನ್ನ ಎತ್ತರದ ಕಂಬಗಳನ್ನು ಪರಿಶೀಲಿಸಲು ಪ್ರಾಧಿಕಾರ ಬಯಸುವುದಾದರೆ, ನಿವೃತ್ತರಾದ ನಾವು ಕೆಲವು ಮೇಲ್ವಿಚಾರಕಿಯರು ಯಾವ ಸಂಭಾವನೆಯೂ ಇಲ್ಲದೆ ಬಂದು ಅಳೆದುಕೊಡಲು, ಆಟ ನಡೆಸುವ ಹುಡುಗರಿಗೆ ಮಗುವನ್ನು ನಿಲ್ಲಿಸಿ ಅಳೆಯುವ ಕ್ರಮವನ್ನು ಒಂದು ಬೆಳಿಗ್ಗೆ ಕುಳಿತು ಕಲಿಸಿಕೊಡಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಮಂಡ್ಯ